ಎಲ್‌ಸ್ಯಾಟ್ ಕಂಪ್ಯಾರೆಟಿವ್ ರೀಡಿಂಗ್: ಎರಡೂ ಪ್ಯಾಸೇಜ್ ಅರ್ಥವಾದರೂ ಉತ್ತರ ಯಾಕೆ ತಪ್ಪುತ್ತದೆ?

ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ನ ರೀಡಿಂಗ್ ವಿಭಾಗದಲ್ಲಿ ಒಂದು ಸೆಟ್ ಕಂಪ್ಯಾರೆಟಿವ್ ರೀಡಿಂಗ್‌ದು: ಒಂದೇ ವಿಷಯದ ಮೇಲೆ ಎ, ಬಿ ಅನ್ನುವ ಎರಡು ಚಿಕ್ಕ ಪ್ಯಾಸೇಜ್ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಇದರ ಬಗ್ಗೆ ನೀವು ಕೇಳಿರುವುದು ಎರಡು ವಿಷಯ. ಎರಡೂ ಪ್ಯಾಸೇಜ್ ಓದಿ ಮುಗಿಸಿ ಪ್ರಶ್ನೆಗೆ ಹೋಗಬೇಕಾ, ಇಲ್ಲ ಎ ಓದಿ ಅದರ ಪ್ರಶ್ನೆಗಳನ್ನು ಮುಗಿಸಿಕೊಂಡು ಆಮೇಲೆ ಬಿ ಓದಬೇಕಾ ಅನ್ನುವುದು ಒಂದು. ಓದಿದ್ದೆಲ್ಲ ಅರ್ಥವಾದರೂ ‘ಇಬ್ಬರು ಲೇಖಕರು ಯಾವುದನ್ನು ಒಪ್ಪುವುದಿಲ್ಲ’ ಅನ್ನುವ ಪ್ರಶ್ನೆಯೇ ಯಾಕೆ ಕೈಕೊಡುತ್ತದೆ ಅನ್ನುವುದು ಇನ್ನೊಂದು. ಮಾರ್ಕ್ಸ್ ಹೋಗುತ್ತಿರುವುದು ಎರಡನೆಯದರಲ್ಲಿ. ಮೊದಲನೆಯದನ್ನು ಬೇಗ ಮುಗಿಸಿಬಿಡುತ್ತೇನೆ.

ರೀಡಿಂಗ್ ವಿಭಾಗದಲ್ಲಿ 35 ನಿಮಿಷ, ನಾಲ್ಕು ಸೆಟ್. ಸಮನಾಗಿ ಹಂಚಿದರೆ ಒಂದಕ್ಕೆ ಎಂಟೂಮುಕ್ಕಾಲು ನಿಮಿಷ. ಜೋಡಿ ಪ್ಯಾಸೇಜ್ ಅಂದ ತಕ್ಷಣ ಓದುವುದು ಡಬಲ್ ಆಗುವುದಿಲ್ಲ, ಎರಡೂ ಸೇರಿ ಹೆಚ್ಚುಕಡಿಮೆ ಉಳಿದ ಸೆಟ್‌ಗಳ ಒಂದು ಪ್ಯಾಸೇಜ್‌ನಷ್ಟೇ ಇರುತ್ತದೆ. ಎ ಓದಿದ ಕೂಡಲೇ ಪ್ರಶ್ನೆಗೆ ಹಾರಿ, ಅದರಲ್ಲಿಲ್ಲದ ಆಯ್ಕೆಗಳನ್ನು ಹೊಡೆದುಹಾಕುವ ವಿಧಾನ ಕೆಲವರಿಗೆ ಕೈಹಿಡಿಯುತ್ತದೆ. ನನಗೆ ಹಿಡಿಸಲಿಲ್ಲ. ಹೆಚ್ಚಿನ ಪ್ರಶ್ನೆಗಳು ಎರಡನ್ನೂ ಸೇರಿಸಿಯೇ ಕೇಳುತ್ತವೆ. ಹಾಗಿರುವಾಗ ಮಧ್ಯದಲ್ಲಿ ಪ್ರಶ್ನೆಗಳಿಗೆ ಹೋಗಿ ಬಂದರೆ ಬಿ ಓದುವ ಹೊತ್ತಿಗೆ ಎ ಲೇಖಕನ ಧಾಟಿಯೇ ಮರೆತಿರುತ್ತದೆ. ನಾನು ಎರಡನ್ನೂ ಓದಿಯೇ ಮುಂದೆ ಹೋಗುವವನು.

ಆದರೆ ಎರಡನ್ನೂ ಒಂದೇ ರೀತಿ ಓದುವುದಿಲ್ಲ. ಎ ಮುಗಿದ ಮೇಲೆ ಅರೆಕ್ಷಣ ನಿಂತು, ‘ಇವನ ವಾದ ಏನು, ಎಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದಾನೆ’ ಅಂತ ಒಂದೇ ವಾಕ್ಯದಲ್ಲಿ ಕಟ್ಟಿಕೊಳ್ಳುತ್ತೇನೆ. ಬಿ ಓದುವಾಗ ಪ್ರತಿ ಪ್ಯಾರಾಗೂ ‘ಇದಕ್ಕೆ ಎ ಏನನ್ನುತ್ತಿದ್ದ?’ ಅಂತ ಕೇಳಿಕೊಳ್ಳುತ್ತೇನೆ. ಇಬ್ಬರೂ ನೇರವಾಗಿ ಕಿತ್ತಾಡುವ ಜೋಡಿ ಕಡಿಮೆ. ಒಬ್ಬ ಒಂದು ತತ್ವ ಹೇಳಿದರೆ ಇನ್ನೊಬ್ಬ ಅದು ಸಲ್ಲುವ ಒಂದೇ ಒಂದು ಪ್ರಕರಣ ಹೇಳಿರುತ್ತಾನೆ. ಇಲ್ಲವೇ ಇಬ್ಬರೂ ಒಂದೇ ತೀರ್ಮಾನಕ್ಕೆ ಬೇರೆ ಬೇರೆ ದಾರಿಯಲ್ಲಿ ಬಂದಿರುತ್ತಾರೆ.

ಈಗ ನಿಮ್ಮ ನಿಜವಾದ ತೊಂದರೆ. ಒಂದು ಉದಾಹರಣೆ ನಾನೇ ಕಟ್ಟುತ್ತೇನೆ. ವಿಷಯ: ಜ್ಯೂರಿಯವರು ಸಾಕ್ಷಿಗಳನ್ನು ಪ್ರಶ್ನೆ ಕೇಳಬಹುದೇ? ಎ ಹೇಳುತ್ತಾನೆ: ಕೇಳಲು ಬಿಟ್ಟರೆ ಅವರ ಅನುಮಾನ ಬಗೆಹರಿಯುತ್ತದೆ, ಪ್ರಶ್ನೆಗಳನ್ನು ನ್ಯಾಯಾಧೀಶರು ಮೊದಲೇ ಜರಡಿ ಹಿಡಿದರೆ ಯಾವ ತೊಂದರೆಯೂ ಇಲ್ಲ. ಬಿ ಹೇಳುತ್ತಾನೆ: ಆರೋಪ ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್‌ದು, ಅವರು ಬಿಟ್ಟ ಕೊರತೆಯನ್ನು ಜ್ಯೂರಿಯ ಪ್ರಶ್ನೆಯೇ ತುಂಬಿದರೆ ಆ ಹೊಣೆ ಹಗುರವಾಗುತ್ತದೆ, ನ್ಯಾಯಾಧೀಶರು ಎಷ್ಟೇ ಜರಡಿ ಹಿಡಿದರೂ ಇದು ತಪ್ಪುವುದಿಲ್ಲ.

ಇಬ್ಬರೂ ಯಾವುದರಲ್ಲಿ ಭಿನ್ನ? ಮೊದಲ ಆಯ್ಕೆ: ಪ್ರಶ್ನೆ ಕೇಳಿದರೆ ಜ್ಯೂರಿಯವರ ಅನುಮಾನ ಬಗೆಹರಿಯುತ್ತದೆ. ಎರಡನೆಯದು: ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್‌ದು. ಮೂರನೆಯದು: ನ್ಯಾಯಾಧೀಶರ ಜರಡಿ ಇದ್ದರೆ ಈ ಪದ್ಧತಿಯಿಂದ ಹಾನಿಯಿಲ್ಲ.

ಮೊದಲನೆಯದು ಆಕರ್ಷಕವಾಗಿ ಕಾಣುತ್ತದೆ, ಅಲ್ವಾ? ಎ ಪರ, ಬಿ ವಿರೋಧ ಅಂತ ತಲೆಯಲ್ಲಿ ಕೂತಿರುತ್ತದೆ. ಆದರೆ ಅನುಮಾನ ಬಗೆಹರಿಯುವುದಿಲ್ಲ ಅಂತ ಬಿ ಎಲ್ಲೂ ಹೇಳಿಲ್ಲ. ಬಗೆಹರಿಯುತ್ತದೆ ಅಂತ ಒಪ್ಪಿಕೊಂಡೇ ಅವನು ವಿರೋಧಿಸಬಹುದು. ಎರಡನೆಯದರ ಬಗ್ಗೆ ಎ ಮಾತೇ ಆಡಿಲ್ಲ. ಮೂರನೆಯದಕ್ಕೆ ಮಾತ್ರ ಎ ಹೌದು ಅನ್ನುತ್ತಾನೆ, ಬಿ ಇಲ್ಲ ಅನ್ನುತ್ತಾನೆ. ಅದೇ ಉತ್ತರ.

ಮೌನಂ ಸಮ್ಮತಿ ಲಕ್ಷಣಂ ಅನ್ನುವ ಮಾತು ಈ ಪರೀಕ್ಷೆಯಲ್ಲಿ ನಡೆಯುವುದಿಲ್ಲ. ಮೌನ ವಿರೋಧವೂ ಅಲ್ಲ. ಅದಕ್ಕೇ ಪ್ರತಿ ಆಯ್ಕೆಯನ್ನೂ ಎರಡು ಸಲ ಪರೀಕ್ಷಿಸಿ: ಎ ಇದಕ್ಕೆ ಹೌದು ಅನ್ನುತ್ತಾನಾ, ಇಲ್ಲ ಅನ್ನುತ್ತಾನಾ, ಸುಮ್ನಿದ್ದಾನಾ? ಬಿ ಏನನ್ನುತ್ತಾನೆ? ಯಾವುದಾದರೂ ಒಂದು ಕಡೆ ‘ಸುಮ್ನಿದ್ದಾನೆ’ ಬಂದರೆ ಆ ಆಯ್ಕೆ ಬಿಟ್ಟುಬಿಡಿ. ಹಾಗಂತ ಆ ಮಾತು ಪ್ಯಾಸೇಜ್‌ನಲ್ಲಿ ಪದಶಃ ಇರಬೇಕಾಗಿಲ್ಲ. ಅವನು ಹೇಳಿದ್ದರಿಂದ ಖಚಿತವಾಗಿ ಹೊರಡುವಂತಿದ್ದರೆ ಸಾಕು. ‘ಇವನು ಹೀಗೂ ಅಂದುಕೊಂಡಿರಬಹುದು’ ಅನ್ನುವ ಊಹೆ ಬೇಡ.

ಇಬ್ಬರೂ ಒಪ್ಪುವ ವಿಷಯ ಯಾವುದು ಅನ್ನುವ ಪ್ರಶ್ನೆಗೂ ಇದೇ ಪರೀಕ್ಷೆ. ಅಲ್ಲಿ ಮಾತಿನ ತೂಕವನ್ನೂ ನೋಡಿ. ಎ ‘ಯಾವಾಗಲೂ’ ಅಂದು ಬಿ ‘ಕೆಲವೊಮ್ಮೆ’ ಅಂದಿದ್ದರೆ, ‘ಯಾವಾಗಲೂ’ ಅನ್ನುವ ಆಯ್ಕೆ ಇಬ್ಬರಿಗೂ ಸೇರಿದ್ದಲ್ಲ. ಎರಡೂ ಪ್ಯಾಸೇಜ್ ಪ್ರಸ್ತಾಪಿಸುವುದು ಯಾವುದು ಅನ್ನುವ ಪ್ರಶ್ನೆ ಇದಕ್ಕಿಂತ ಸುಲಭ. ಅಲ್ಲಿ ಅಭಿಪ್ರಾಯ ಬೇಕಿಲ್ಲ, ವಿಷಯ ಬಂದಿದ್ದರೆ ಆಯಿತು.

ಎರಡು ಪ್ಯಾಸೇಜ್‌ಗಳ ಸಂಬಂಧ ಕೇಳಿದಾಗ ಉತ್ತರದ ವಾಕ್ಯವನ್ನು ಎರಡು ತುಂಡು ಮಾಡಿ ಓದಿ. ಅರ್ಧ ಸರಿ, ಅರ್ಧ ತಪ್ಪು ಇರುವ ಆಯ್ಕೆಗಳೇ ಅಲ್ಲಿ ಜಾಸ್ತಿ. ಇನ್ನು ಕೆಲವು ಪೂರ್ತಿ ಸರಿಯಾಗಿ ಕಾಣುತ್ತವೆ, ಆದರೆ ಎ ಮಾಡಿದ್ದನ್ನು ಬಿ ತಲೆಗೆ ಕಟ್ಟಿರುತ್ತವೆ. ಇಂಥದ್ದರಲ್ಲಿ ಸಮಯ ಮೀರುತ್ತಿದೆ ಅನಿಸಿದರೆ ಒಂದು ಉತ್ತರ ಒತ್ತಿ, ಆಮೇಲೆ ಬಂದು ನೋಡಲು ಫ್ಲ್ಯಾಗ್ ಹಾಕಿ ಮುಂದೆ ಹೋಗಿ. ಎಲ್‌ಸ್ಯಾಟ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಅಭ್ಯಾಸಕ್ಕೆ ಪರೀಕ್ಷೆ ನಡೆಸುವವರ ‘ಲಾಹಬ್’ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುವ ಪ್ರಶ್ನೆಪತ್ರಿಕೆಗಳಿಂದ ಶುರು ಮಾಡಿ. ಯಾರಾದರೂ ತುಂಬಾ ಹಳೆಯ ಪುಸ್ತಕ ಕೊಟ್ಟರೆ ಇಸವಿ ನೋಡಿಕೊಳ್ಳಿ. ಕಂಪ್ಯಾರೆಟಿವ್ ರೀಡಿಂಗ್ ಸೇರಿದ್ದು 2007ರ ಜೂನ್‌ನಲ್ಲಿ, ಅದಕ್ಕೂ ಮುಂಚಿನ ಪತ್ರಿಕೆಗಳಲ್ಲಿ ಈ ಸೆಟ್ ಇರುವುದೇ ಇಲ್ಲ.