ಮೊದಲ ಸುತ್ತು 61 ಸೆಕೆಂಡ್, ಎರಡನೆಯದು 80

ಪ್ರಶ್ನೆ: ನನಗೆ 20 ವರ್ಷ. ಡಿಗ್ರಿ ಎರಡನೇ ವರ್ಷ, ಕ್ರೀಡಾ ಕೋಟಾದ ಸೀಟು, ಹಾಸ್ಟೆಲ್ ವಾಸ. 800 ಮೀಟರ್ ಓಡುತ್ತೇನೆ. ನನ್ನ ಬೆಸ್ಟ್ 2:12, 400ರಲ್ಲಿ 58.5. ಮೂರು ವಾರದ ಹಿಂದೆ ಬೆಂಗಳೂರಿನ ಕಂಠೀರವದಲ್ಲಿ ರಾಜ್ಯ ಮಟ್ಟದ ಫೈನಲ್ ಓಡಿದೆ. ಅಪ್ಪ ಮೊದಲ ಸಲ ನೋಡಲು ಬಂದಿದ್ದರು. ಮೊದಲ ಸುತ್ತು 61ಕ್ಕೆ ದಾಟಿದೆ, ಎಲ್ಲರಿಗಿಂತ ಮುಂದಿದ್ದೆ, ಸಲೀಸಾಗಿಯೇ ಇತ್ತು. ಆಮೇಲೆ ಒಬ್ಬೊಬ್ಬರೇ ಹಿಂದಿಕ್ಕಿ ಹೋದರು. ಎಂಟನೆಯವಳಾಗಿ 2:21ಕ್ಕೆ ಮುಗಿಸಿದೆ. ಕೋಚ್ ಅಂದಿನಿಂದ ಸರಿಯಾಗಿ ಮಾತಾಡಿಲ್ಲ. ಯಾರೋ ವಿಡಿಯೊವನ್ನು ಗ್ರೂಪಿಗೆ ಹಾಕಿದ್ದಾರೆ, ರಾತ್ರಿಯೆಲ್ಲ ಅದನ್ನೇ ನೋಡುತ್ತೇನೆ. ಈಗ ಪ್ರಾಕ್ಟೀಸಿನಲ್ಲೂ 400 ದಾಟಿದ ಕೂಡಲೇ ಕಾಲು ಕಲ್ಲಾಗುತ್ತದೆ. ಆರು ವಾರಕ್ಕೆ ಅಂತರ ವಿಶ್ವವಿದ್ಯಾಲಯ ಕೂಟವಿದೆ. ಶಕ್ತಿ ಬರಲು ಗ್ಲೂಕೋಸ್ ಡ್ರಿಪ್ ಹಾಕಿಸಿಕೋ ಎನ್ನುತ್ತಾರೆ ಸೀನಿಯರ್ ಒಬ್ಬರು. ಓಟವನ್ನೇ ಬಿಟ್ಟುಬಿಡಲೇ?
ಹೆಸರು ಬೇಡ

ಉತ್ತರ: ಮೊದಲು ಡ್ರಿಪ್ ವಿಷಯ ಮುಗಿಸೋಣ, ಅದು ತುರ್ತಿನದು. ಹಾಕಿಸಿಕೊಳ್ಳಬೇಡಿ. ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಅಥವಾ ವೈದ್ಯಕೀಯ ತಪಾಸಣೆಯ ಭಾಗವಾಗಿ ಅಲ್ಲದೆ 12 ಗಂಟೆಯೊಳಗೆ 100 ಮಿಲಿಲೀಟರ್‌ಗಿಂತ ಹೆಚ್ಚು ದ್ರವವನ್ನು ರಕ್ತನಾಳಕ್ಕೆ ಏರಿಸಿಕೊಳ್ಳುವುದು ಉದ್ದೀಪನ ಮದ್ದು ತಡೆ ನಿಯಮದಲ್ಲಿ ನಿಷಿದ್ಧ. ಬಾಟಲಿಯಲ್ಲಿ ಬರೀ ಗ್ಲೂಕೋಸ್ ಇದ್ದರೂ ಅಷ್ಟೇ. ಊರಿನ ಕ್ಲಿನಿಕ್‌ಗಳಲ್ಲಿ ಏರಿಸುವ ಬಾಟಲಿ ಸಾಮಾನ್ಯವಾಗಿ 500 ಮಿಲಿಲೀಟರಿನದು. ನಿಮಗೆ ಬೇಕಿರುವುದು ಊಟ. ಕಠಿಣ ಪ್ರಾಕ್ಟೀಸ್ ಮುಗಿದ ಮೊದಲ ಗಂಟೆಯೊಳಗೆ ದೇಹತೂಕದ ಒಂದು ಕಿಲೋಗೆ ಒಂದು ಗ್ರಾಮಿನಂತೆ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗಬೇಕು. 50 ಕಿಲೋ ತೂಗುವವರಿಗೆ ಎರಡು ದೊಡ್ಡ ಬಾಳೆಹಣ್ಣು ಹೆಚ್ಚುಕಡಿಮೆ ಅಷ್ಟನ್ನು ಕೊಡುತ್ತದೆ. ಜೊತೆಗೆ ಮೂರು ಮೊಟ್ಟೆ, ಅಥವಾ ಹಾಲು ಮತ್ತು ಕಡಲೆ. ಹಾಸ್ಟೆಲ್ ಊಟ ಎಂಟೂವರೆಗೆ, ಪ್ರಾಕ್ಟೀಸ್ ಮುಗಿಯುವುದು ಆರೂವರೆಗೆ ಎಂದಾದರೆ ಆ ಎರಡು ಗಂಟೆಯ ಖಾಲಿ ಹೊಟ್ಟೆಯೂ ಮಾರನೆಯ ದಿನದ ಸುಸ್ತಿಗೆ ಕಾರಣವಾಗಬಹುದು. ಬಾಳೆಹಣ್ಣು ಕಿಟ್ ಬ್ಯಾಗಿನಲ್ಲೇ ಇರಲಿ.

ಇನ್ನು ಓಟ. ನೀವು ಬರೆದ ಅಂಕಿಗಳಲ್ಲೇ ಅದರ ಕಥೆಯಿದೆ. 61 ಎಂದರೆ ನಿಮ್ಮ ಜೀವಮಾನದ ಬೆಸ್ಟ್ 400ಕ್ಕಿಂತ ಎರಡೂವರೆ ಸೆಕೆಂಡ್ ಮಾತ್ರ ನಿಧಾನ. 800 ಓಡುವವರು ಮೊದಲ ಸುತ್ತನ್ನು ತಮ್ಮ 400ರ ಬೆಸ್ಟ್‌ಗಿಂತ ಐದಾರು ಸೆಕೆಂಡ್ ನಿಧಾನಕ್ಕೆ ದಾಟುವುದು ವಾಡಿಕೆ. ನಿಮ್ಮ ಲೆಕ್ಕಕ್ಕೆ ಅದು 64ರಿಂದ 65. ಮೊದಲ ಸುತ್ತು 65, ಎರಡನೆಯದು 67 ಆಗಿದ್ದರೆ ನಿಮ್ಮ 2:12 ಮತ್ತೆ ಬರುತ್ತಿತ್ತು. ನೀವು 61 ಮತ್ತು 80 ಓಡಿದಿರಿ. ಮೊದಲ ಸುತ್ತಿನಲ್ಲಿ 4 ಸೆಕೆಂಡ್ ಗಳಿಸಿ ಎರಡನೆಯದರಲ್ಲಿ 13 ಸೆಕೆಂಡ್ ಕಳೆದುಕೊಂಡಿರಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕೆನ್ಯಾದ ಡೇವಿಡ್ ರುಡಿಶಾ 800 ಮೀಟರಿನಲ್ಲಿ 1:40.91ರ ವಿಶ್ವದಾಖಲೆ ಮಾಡಿದಾಗ ಮೊದಲ ಸುತ್ತು 49.28. ಅಂದರೆ ಎರಡನೆಯದು ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ನಿಧಾನ. ಎರಡನೇ ಸುತ್ತು ಸ್ವಲ್ಪ ಬೀಳುವುದು ಈ ಓಟದ ಗುಣವೇ. ಅದು 19 ಸೆಕೆಂಡ್ ಬೀಳಬೇಕಾದರೆ ಮೊದಲ ಸುತ್ತು ಅಳತೆ ಮೀರಿರಲೇಬೇಕು.

‘ಸಲೀಸಾಗಿಯೇ ಇತ್ತು’ ಎಂದಿದ್ದೀರಲ್ಲ, ಅದು ನಿಜ. ಅಪಾಯ ಇರುವುದೂ ಅಲ್ಲೇ. ಮೊದಲ ಹತ್ತಿಪ್ಪತ್ತು ಸೆಕೆಂಡ್ ಸ್ನಾಯು ತನ್ನಲ್ಲಿ ಸಿದ್ಧವಾಗಿಟ್ಟುಕೊಂಡ ಇಂಧನವನ್ನೇ ಹೆಚ್ಚಾಗಿ ಬಳಸುತ್ತದೆ, ಉಸಿರಾಟ ಇನ್ನೂ ಹಿಂದೆ ಬಿದ್ದಿರುತ್ತದೆ. ಮೊದಲ 200 ಮೀಟರನ್ನು 29 ಸೆಕೆಂಡಿನ ವೇಗದಲ್ಲಿ ಓಡಿದರೂ 32ರ ವೇಗದಲ್ಲಿ ಓಡಿದರೂ ಆಗ ಒಂದೇ ಥರ ಹಗುರ. ಮೇಲೆ ಅಡ್ರಿನಲಿನ್. ಗ್ಯಾಲರಿಯಲ್ಲಿ ಅಪ್ಪ ಕೂತಿದ್ದಾರೆ, ಇದು ಫೈನಲ್, ಏನಾದರೂ ಮಾಡಿ ತೋರಿಸಬೇಕು. ಹಾಗಿರುವಾಗ ವೇಗದ ಅಂದಾಜು ಇನ್ನಷ್ಟು ತಪ್ಪುತ್ತದೆ. ಶೂಟಿಂಗ್ ಮಾಡುವವರಿಗೆ ಒತ್ತಡ ಬೆರಳಿನಲ್ಲಿ ಕಾಣಿಸುತ್ತದೆ. 800 ಓಡುವವರಿಗೆ ಅದು ಮೊದಲ 200ರ ಸಮಯದಲ್ಲಿ ಕಾಣಿಸುತ್ತದೆ. ಹಾಗಾಗಿ ನಿಮ್ಮ ಒತ್ತಡವನ್ನು ಸ್ಟಾಪ್‌ವಾಚಿನಿಂದ ಅಳೆಯಬಹುದು. ಅಳೆಯಬಹುದಾದದ್ದನ್ನು ತಿದ್ದಲೂಬಹುದು.

450 ಮೀಟರ್ ಆಚೆಗೆ ಆದದ್ದೂ ರಹಸ್ಯವಲ್ಲ. ಆ ವೇಗಕ್ಕೆ ಸ್ನಾಯುವಿನೊಳಗೆ ಆಮ್ಲತೆ ಏರಿತು, ಸಂಕೋಚನದ ಬಲ ಇಳಿಯಿತು, ಮಂಡಿ ಏಳಲಿಲ್ಲ, ಹೆಜ್ಜೆ ಚಿಕ್ಕದಾಯಿತು. ಆ ಹಂತದಲ್ಲಿ ಎಷ್ಟೇ ಛಲ ತೊಟ್ಟರೂ ಕಾಲು ಮಾತು ಕೇಳುವುದಿಲ್ಲ. ‘ಕೊನೆಯಲ್ಲಿ ಮನಸ್ಸು ಮಾಡಲಿಲ್ಲ’ ಎಂದು ಯಾರಾದರೂ ಹೇಳಿದ್ದರೆ ಅದು ತಪ್ಪು. 80 ಸೆಕೆಂಡಿನ ಆ ಸುತ್ತನ್ನು ನಿಲ್ಲದೆ ಮುಗಿಸಿದ್ದು ಸಣ್ಣ ಮಾತಲ್ಲ.

ದಿನಾ ಮಣ್ಣಿನ ಟ್ರ್ಯಾಕಿನಲ್ಲಿ ಓಡುವವರಾಗಿದ್ದರೆ ಇನ್ನೊಂದು ಕಾರಣವನ್ನೂ ಸೇರಿಸಿ. ಕಂಠೀರವದಂಥ ಸಿಂಥೆಟಿಕ್ ಟ್ರ್ಯಾಕಿನ ಮೇಲೆ ಸ್ಪೈಕ್ (ಮೊಳೆ ಇರುವ ಓಟದ ಶೂ) ಜಾರುವುದಿಲ್ಲ, ಅದೇ ಶ್ರಮಕ್ಕೆ ವೇಗ ಹೆಚ್ಚು ಬರುತ್ತದೆ. ಮಣ್ಣಿನಲ್ಲಿ ಪಳಗಿದ ‘65ರ ಅನುಭವ’ ಅಲ್ಲಿ 65 ಕೊಡುವುದಿಲ್ಲ. ಕೂಟಕ್ಕೆ ಎರಡು ದಿನ ಮುಂಚೆ ಹೋಗಿ ಅಲ್ಲಿನ ಟ್ರ್ಯಾಕಿನಲ್ಲಿ ಮೂರು 200 ಓಡಿ ಕಾಲಿಗೆ ಹೊಸ ಅಂದಾಜು ಕೊಡುವುದು ದೊಡ್ಡ ಅನುಕೂಲ.

ಈಗ ಪ್ರಾಕ್ಟೀಸಿನಲ್ಲಿ ಕಾಲು ಕಲ್ಲಾಗುವ ವಿಚಾರ. ಅಂದಿನ ಲ್ಯಾಕ್ಟಿಕ್ ಆಮ್ಲ ಇನ್ನೂ ಉಳಿದಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಒಂದೆರಡು ಗಂಟೆಯೊಳಗೆ ತಿಳಿಯಾಗುತ್ತದೆ, ಸ್ನಾಯು ನೋವು ಮೂರ್ನಾಲ್ಕು ದಿನಕ್ಕೆ ಮಾಯ. ಮೂರು ವಾರದ ಬಳಿಕ ಉಳಿದಿರಬಹುದಾದದ್ದು ಎರಡೇ: ದಣಿವು ಅಥವಾ ಭಯ. ಬೇರ್ಪಡಿಸುವುದು ಕಷ್ಟವಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಒಂದು ನಿಮಿಷ ನಾಡಿ ಎಣಿಸಿ, ಐದು ದಿನ ಬರೆದಿಡಿ. ಮಾಮೂಲಿಗಿಂತ ಎಂಟು ಹತ್ತು ಬಡಿತ ಹೆಚ್ಚಿದ್ದರೆ, ಮೆಲ್ಲಗೆ ಜಾಗ್ ಮಾಡುವಾಗಲೂ ಕಾಲು ಭಾರವೆನಿಸಿದರೆ ಅದು ದಣಿವು. ಒಂದು ವಾರ ಓಟದ ದೂರವನ್ನು ಅರ್ಧಕ್ಕಿಳಿಸಿ, ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ಬತ್ತಿರುವುದು ಓಡುವ ಹುಡುಗಿಯರಲ್ಲಿ ಮಾಮೂಲು. ಮೂರು ತಿಂಗಳಿಂದ ಮುಟ್ಟು ನಿಂತಿದ್ದರೆ ‘ಓಡುವವರಿಗೆ ಇದೆಲ್ಲ ಸಹಜ’ ಎಂದು ಬಿಡಬೇಡಿ, ವೈದ್ಯರನ್ನು ಕಾಣಿ. ತಿನ್ನುವುದು ಸಾಲದಿದ್ದಾಗ ದೇಹ ಕೊಡುವ ಸೂಚನೆ ಅದು.

ಬೇರೆಲ್ಲ ಹೊತ್ತಿನಲ್ಲಿ ಚೆನ್ನಾಗಿದ್ದು ವಾಚ್ ಹಿಡಿದ ಓಟದಲ್ಲಿ 400 ದಾಟಿದಾಗ ಮಾತ್ರ ಹೀಗಾದರೆ ಅದು ಭಯ. ‘ಈಗ ಶುರುವಾಗುತ್ತದೆ’ ಎಂದು ದೇಹ ಮೊದಲೇ ಬಿಗಿದುಕೊಳ್ಳುತ್ತದೆ. ಭುಜ ಕಿವಿಯ ಕಡೆ ಏರುತ್ತದೆ, ಮುಷ್ಟಿ ಬಿಗಿಯುತ್ತದೆ, ಉಸಿರು ಅರ್ಧಕ್ಕೆ ನಿಲ್ಲುತ್ತದೆ. ಗೆಳತಿಯೊಬ್ಬಳನ್ನು 450ರ ಬಳಿ ನಿಲ್ಲಿಸಿ ನಿಮ್ಮ ಹೆಬ್ಬೆರಳನ್ನು ನೋಡಲು ಹೇಳಿ. ಅದು ಮುಷ್ಟಿಯೊಳಗೆ ಮಡಚಿದೆಯೋ, ತೋರುಬೆರಳ ಮೇಲೆ ಸಡಿಲವಾಗಿ ಕೂತಿದೆಯೋ. ಕೈ ಸಡಿಲವಾದರೆ ಭುಜ ತಾನಾಗಿ ಇಳಿಯುತ್ತದೆ. ಇನ್ನು ಮುಂದೆ ಆ ಜಾಗದಲ್ಲಿ ನಿಮಗೆ ಒಂದೇ ಕೆಲಸ: ಹೆಬ್ಬೆರಳು.

ಆರು ವಾರದ ಪ್ರಾಕ್ಟೀಸಿಗೆ ಎರಡು ಪಾಠ ಸೇರಿಸಲು ಕೋಚ್ ಬಳಿ ಕೇಳಿ. ಮೊದಲನೆಯದು ವಾರಕ್ಕೊಮ್ಮೆ: ನಿಂತ ಆರಂಭದಿಂದ 200 ಮೀಟರ್, 32 ಸೆಕೆಂಡಿಗೆ, ನಾಲ್ಕು ಸಲ, ನಡುವೆ ಮೂರು ನಿಮಿಷ ವಿಶ್ರಾಂತಿ. 31.5ಕ್ಕಿಂತ ವೇಗವಾದರೂ 32.5ಕ್ಕಿಂತ ನಿಧಾನವಾದರೂ ಅದು ಲೆಕ್ಕಕ್ಕಿಲ್ಲ, ಇನ್ನೊಂದು ಓಡಬೇಕು. 100 ಮೀಟರಿನಲ್ಲಿ ಒಬ್ಬರು 16ಕ್ಕೆ ಸೀಟಿ ಹೊಡೆಯಲಿ, ಮೂರನೇ ವಾರದಿಂದ ಸೀಟಿಯೂ ಬೇಡ. ನಾಲ್ಕನೇ ವಾರದಿಂದ ಪಕ್ಕದಲ್ಲಿ ಇಬ್ಬರು ಹುಡುಗರನ್ನು 29ಕ್ಕೆ ಓಡಿಸಿ, ಅವರು ಮುನ್ನುಗ್ಗುತ್ತಿರುವಾಗಲೂ ನೀವು 32ರಲ್ಲೇ ಉಳಿಯಬೇಕು. ಬಿಟ್ಟುಹೋಗುತ್ತಿದ್ದಾರೆ ಎನ್ನುವ ಆ ಚಡಪಡಿಕೆಯನ್ನು ಪ್ರಾಕ್ಟೀಸಿನಲ್ಲಿ ಹತ್ತಾರು ಸಲ ಉಂಡವರಿಗೇ ಫೈನಲ್‌ನಲ್ಲಿ ತಾಳ್ಮೆ ಉಳಿಯುತ್ತದೆ. ಎರಡನೆಯದು 400ರ ಗೋಡೆಗೆ: 400 ಮೀಟರ್ 65ಕ್ಕೆ, ಒಂದು ನಿಮಿಷ ನಿಲ್ಲಿ, ತಕ್ಷಣ 200 ಮೀಟರ್ 33ಕ್ಕೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ, ಅಷ್ಟೇ ಸಾಕು. 400 ದಾಟಿದ ಮೇಲೂ ಕಾಲು ಎದ್ದದ್ದನ್ನು ದೇಹ ಮತ್ತೆ ಅನುಭವಿಸಬೇಕು, ಅದಕ್ಕಾಗಿ ಆ ಒಂದು ನಿಮಿಷದ ಬಿಡುವು. ಪ್ರತಿ ವಾರ ಬಿಡುವನ್ನು ಹತ್ತು ಸೆಕೆಂಡ್ ಇಳಿಸುತ್ತ ಬನ್ನಿ. ಕೊನೆಯ ವಾರ ಇದು ಬೇಡ.

ಲೇನ್ ಮುರಿಯುವ ಗೆರೆಯ, ಅಂದರೆ ಎಲ್ಲರೂ ತಮ್ಮ ಲೇನ್ ಬಿಟ್ಟು ಒಳಗೆ ಬರಬಹುದಾದ ಗೆರೆಯ ಬಗ್ಗೆಯೂ ಒಂದು ಮಾತು. ಮೊದಲ ತಿರುವು ಮುಗಿದ ಕೂಡಲೇ ಒಳ ಲೇನಿಗೆ ಅಡ್ಡ ನುಗ್ಗುವ ಗಡಿಬಿಡಿಯಲ್ಲೇ ಹೆಚ್ಚಿನವರ ಮೊದಲ 200 ಕೆಡುತ್ತದೆ. ಮುಂದಿನ ತಿರುವಿನ ಆರಂಭದ ಬಿಂದುವನ್ನು ನೋಡುತ್ತ ನಿಧಾನ ಓರೆಯಾಗಿ ಬನ್ನಿ. ಜಾಗ ಸಿಗದೆ ಒಂದು ತಿರುವನ್ನು ಎರಡನೇ ಲೇನಿನಲ್ಲಿ ಓಡಿದರೆ ನಷ್ಟ 4 ಮೀಟರಿಗಿಂತ ಕಡಿಮೆ, ನಿಮ್ಮ ವೇಗಕ್ಕೆ 0.6 ಸೆಕೆಂಡ್. ಮುನ್ನುಗ್ಗಿದ್ದರಿಂದ ಆದ 13 ಸೆಕೆಂಡಿನ ಎದುರು ಅದು ಏನೂ ಅಲ್ಲ.

ಕೂಟದ ದಿನ ಹೆಚ್ಚು ಕೆಡುವುದು ಕಾಲ್ ರೂಮಿನಲ್ಲಿ, ಅಂದರೆ ಓಟಕ್ಕೆ ಮುನ್ನ ಸ್ಪರ್ಧಿಗಳನ್ನು ಕೂರಿಸುವ ಕೋಣೆಯಲ್ಲಿ. ವಾರ್ಮಪ್ ಮುಗಿಸಿ ಒಳಗೆ ಹೋದರೆ ಇಪ್ಪತ್ತು ಮೂವತ್ತು ನಿಮಿಷ ಕೂರಬೇಕು, ಫೋನ್ ಇಲ್ಲ, ಎದುರಿಗೆ ಏಳು ಪ್ರತಿಸ್ಪರ್ಧಿಗಳ ಮುಖ. ಅಲ್ಲಿ ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ, ಐದು ನಿಮಿಷ. ಆಮೇಲೆ ಎದ್ದು ಹಿಮ್ಮಡಿ ಎತ್ತಿಳಿಸುತ್ತ ಮೈ ಬೆಚ್ಚಗಿಟ್ಟುಕೊಳ್ಳಿ. ಎದೆ ಬಡಿದುಕೊಂಡರೆ ಅದನ್ನು ನಿಲ್ಲಿಸಲು ಹೋಗಬೇಡಿ, ಓಡಲು ದೇಹ ಸಜ್ಜಾಗುವ ರೀತಿ ಅದು. ತಲೆಯಲ್ಲಿ ಇಷ್ಟು ಮಾತ್ರ ಇರಲಿ: ಯಾರಾದರೂ ಮುನ್ನುಗ್ಗಿದರೆ ಬಿಡುತ್ತೇನೆ, 200ಕ್ಕೆ 32, 450ಕ್ಕೆ ಹೆಬ್ಬೆರಳು. ಪದಕ, ಸೀಟು, ಅಪ್ಪ ಇವು ಯಾವುದೂ ಆ ಪಟ್ಟಿಯಲ್ಲಿಲ್ಲ.

ವಿಡಿಯೊ. ರಾತ್ರಿ ಮಲಗಿ ನೋಡುವುದನ್ನು ಇಂದಿನಿಂದ ನಿಲ್ಲಿಸಿ, ಗ್ರೂಪನ್ನು ಮ್ಯೂಟ್ ಮಾಡಿ. ಹಗಲು ಹೊತ್ತಿನಲ್ಲಿ ಒಂದೇ ಸಲ, ಸದ್ದು ತೆಗೆದು, ಪ್ರತಿ 200ಕ್ಕೆ ಸಮಯ ಬರೆಯುತ್ತ ನೋಡಿ. ನಾಲ್ಕು ಅಂಕಿ ಸಿಕ್ಕ ಮೇಲೆ ಅದನ್ನು ಫೋನಿನಿಂದ ಅಳಿಸಿ. ಮನಸ್ಸಿನಲ್ಲಿ ತಿರುಗುತ್ತಿರುವುದನ್ನು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಕೈಯಿಂದ ಬರೆಯಿರಿ. ಅಕ್ಷರ, ವ್ಯಾಕರಣ ನೋಡಬೇಡಿ, ಯಾರಿಗೂ ತೋರಿಸಬೇಕಿಲ್ಲ. ಮಲಗುವ ಮುನ್ನ ಬೇಡ, ಸಂಜೆಯೇ ಮುಗಿಸಿ.

ನೋವು ಪೂರ್ತಿ ಹೋದ ಮೇಲೆ ಓಡುತ್ತೇನೆ ಎಂದು ಕಾಯಬೇಡಿ. 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರಿನಲ್ಲಿ ಮಿಲ್ಖಾ ಸಿಂಗ್ ಕೂದಲೆಳೆಯಲ್ಲಿ ಕಂಚು ತಪ್ಪಿ ನಾಲ್ಕನೆಯವರಾದರು. 250 ಮೀಟರಿನ ಸುಮಾರಿಗೆ ವೇಗ ತಗ್ಗಿಸಿದ್ದು ತಪ್ಪಾಯಿತೆಂದು ಅವರೇ ಬದುಕಿಡೀ ಹೇಳುತ್ತಿದ್ದರು. ಅದೂ ವೇಗದ ಲೆಕ್ಕ ತಪ್ಪಿದ್ದೇ. ಆ ಕೊರಗು ಹೋಗಲಿಲ್ಲ, ಆದರೂ 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಅವರು 400 ಮೀಟರ್ ಮತ್ತು 4x400 ರಿಲೇ ಎರಡರಲ್ಲೂ ಚಿನ್ನ ಗೆದ್ದರು. ಕೊರಗನ್ನು ಜೊತೆಯಲ್ಲಿಟ್ಟುಕೊಂಡೂ ಓಡಬಹುದು.

ಅಷ್ಟಾಗಿಯೂ ಎರಡು ವಾರ ದಾಟಿ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನ್ನುವ ಯೋಚನೆ ಒಮ್ಮೆಯಾದರೂ ಸುಳಿದರೆ ಅದು ಕೋಚ್ ಬಗೆಹರಿಸುವ ವಿಷಯವಲ್ಲ. ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿಯೆಲ್ಲ ವಿಡಿಯೊ ನೋಡುತ್ತೇನೆ ಎಂದು ಬರೆದಿದ್ದೀರಿ. ಹಾಗಾಗಿ ಈಗಲೇ ಕರೆ ಮಾಡಿದರೂ ತಪ್ಪಿಲ್ಲ.

ಅಪ್ಪನ ಬಳಿ ಕ್ಷಮೆ ಕೇಳಬೇಡಿ, ನೀವು ಅವರಿಗೆ ಏನೂ ತಪ್ಪು ಮಾಡಿಲ್ಲ. ‘ನೀವು ಬಂದದ್ದು ಖುಷಿಯಾಯಿತು ಅಪ್ಪ, ಉತ್ಸಾಹದಲ್ಲಿ ಮೊದಲ ಸುತ್ತು ಜೋರಾಗಿ ಓಡಿಬಿಟ್ಟೆ, ಮುಂದಿನ ಸಲವೂ ಬನ್ನಿ’ ಎಂದರೆ ಸಾಕು. ಆ ದಿನ ಅವರಿಗೂ ಏನು ಹೇಳಬೇಕೆಂದು ತೋಚದೆ ಸುಮ್ಮನಿದ್ದಿರಬಹುದು. ಕೋಟಾದ ಸೀಟಿನ ಬಗ್ಗೆ ಹಾಸ್ಟೆಲಿನ ಗಾಳಿಮಾತು ನಂಬದೆ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಬಳಿ ನಿಯಮವನ್ನು ಬರಹದಲ್ಲೇ ನೋಡಿ.

ಕೋಚ್ ಜೊತೆಗಿನ ಮೌನ ಮುರಿಯಬೇಕಾದವರು ನಿಜಕ್ಕೂ ಅವರೇ, ದೊಡ್ಡವರು ಅವರು. ಆದರೆ ಆರು ವಾರ ಓಡಿಹೋಗುತ್ತದೆ, ಕಾಯುತ್ತ ಕೂರಬೇಡಿ. ಪ್ರಾಕ್ಟೀಸ್ ಮುಗಿದ ಗದ್ದಲದಲ್ಲಿ ಬೇಡ, ಬಿಡುವಿನ ದಿನ ಹದಿನೈದು ನಿಮಿಷ ಕೇಳಿ ಪಡೆಯಿರಿ. ನಾಲ್ಕು ಸ್ಪ್ಲಿಟ್ (ಪ್ರತಿ 200ರ ಸಮಯ) ಬರೆದ ಹಾಳೆಯನ್ನು ಮುಂದಿಟ್ಟು ‘ಸರ್, ಮೊದಲ 200 ತಿದ್ದಬೇಕು, ಈ ಎರಡು ವರ್ಕೌಟ್ ಸೇರಿಸಬಹುದೇ’ ಎಂದು ಕೇಳಿ. ಅಂಕಿ ಮುಂದಿದ್ದರೆ ಮಾತು ಮುನಿಸಿನ ಕಡೆ ಹೊರಳುವುದು ಕಡಿಮೆ.

ಬಿಡಬೇಕೇ ಎಂಬ ಪ್ರಶ್ನೆಗೆ ಈಗ ಉತ್ತರ ಹುಡುಕಬೇಡಿ, ನಿದ್ದೆಗೆಟ್ಟ ತಲೆ ಕೊಡುವ ಉತ್ತರವನ್ನು ನಂಬಲಾಗದು. ಅಂತರ ವಿಶ್ವವಿದ್ಯಾಲಯ ಕೂಟ ಮುಗಿದು ಎರಡು ವಾರ ಕಳೆಯಲಿ. ಅಷ್ಟರೊಳಗೆ, ವಾಚಿಲ್ಲದೆ, ಯಾರೂ ನೋಡದೆ ಓಡಿದ ಬೆಳಗುಗಳಲ್ಲಿ ಖುಷಿ ಎನಿಸಿತೇ ಎಂದು ಗಮನಿಸುತ್ತಿರಿ. ಎನಿಸಿದ್ದರೆ ಓಡಿ. ಒಂದು ದಿನವೂ ಎನಿಸದಿದ್ದರೆ ಬಿಡುವುದರಲ್ಲಿ ಅವಮಾನವೇನಿಲ್ಲ, ಆಗ ಓದು ಮತ್ತು ಸೀಟಿನ ದಾರಿ ಏನೆಂದು ಅಪ್ಪನೊಡನೆ ಕೂತು ಮಾತಾಡಿ.