ಇಂಪೋರ್ಟ್‌ನಿಂದ ಫ್ಯಾಕ್ಟರಿ ಕೆಲಸ ಹೋದ್ರೆ ಅಮೆರಿಕಾದಲ್ಲಿ ಸರ್ಕಾರನೇ ಓದಿಸುತ್ತೆ ಅಂತಾರಲ್ಲ, ನಿಜಾನಾ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಕ್ಕಾಗ್ಲಿಲ್ಲ. ಯಜಮಾನ್ರು ಒಹಾಯೋದಲ್ಲಿ ಕಾರ್ ಪಾರ್ಟ್ಸ್ ಫ್ಯಾಕ್ಟರೀಲಿ ಇದಾರೆ, ಗ್ರೀನ್ ಕಾರ್ಡ್ ಇದೆ, ಅದೇ ಪಾರ್ಟು ಹೊರಗಡೆಯಿಂದ ಕಮ್ಮಿ ರೇಟಿಗೆ ಬರ್ತಿದೆ ಅಂತ ಪ್ಲಾಂಟ್ ಮುಚ್ತಾರಂತೆ, ಇಂಥವರಿಗೆ ಸರ್ಕಾರ ದುಡ್ಡು ಕೊಟ್ಟು ಓದಿಸುತ್ತೆ ಅಂತ ಯಾರೋ ಹೇಳಿದ್ರು, ನಿಜಾನಾ ಅಂತ ಕೇಳಿದೀರ. ನಿಜ ಇತ್ತು, ನಾನೇ ಅದ್ರಲ್ಲಿ ಓದಿದೋಳು. ಆದ್ರೆ ಈಗ ಹೊಸಬರಿಗೆ ಸಿಗಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಅದನ್ನ ನಂಬ್ಕೊಂಡು ಕೂತು ಬೇರೆ ಬರೋದನ್ನೂ ಕಳ್ಕೋಬಾರ್ದು.

ಆ ಸ್ಕೀಮ್ ಹೆಸರು ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್, ಎಲ್ರೂ ಟಿಎಎ ಅಂತಾರೆ. 1962ರಲ್ಲಿ ಪ್ರೆಸಿಡೆಂಟ್ ಕೆನಡಿ ಕಾಲದಲ್ಲಿ ಬಂದಿದ್ದು. ಹೊರದೇಶದ ಮಾಲಿಗೆ ಬಾಗಿಲು ತೆಗೆದ್ರೆ ಲಾಭ ದೇಶಕ್ಕೆಲ್ಲ, ಏಟು ಬೀಳೋದು ಮಾತ್ರ ಕೆಲವೇ ಊರಿನ ಕೆಲವೇ ಜನಕ್ಕೆ, ಅವರ ಕೈ ಬಿಡಬಾರ್ದು ಅಂತ. ಆದ್ರೆ ರೂಲ್ಸ್ ಎಷ್ಟು ಬಿಗಿ ಇತ್ತು ಅಂದ್ರೆ 1969ರ ತನಕ ಕೆಲಸಗಾರರ ಒಂದು ಅರ್ಜಿನೂ ಪಾಸ್ ಆಗ್ಲಿಲ್ಲ, 1974ರ ಕಾಯ್ದೇಲಿ ಸಡಿಲ ಮಾಡಿದ್ಮೇಲೇ ಜನಕ್ಕೆ ದಕ್ಕಿದ್ದು.

ನನ್ನ ವಿಷಯಕ್ಕೆ ಬರ್ತೀನಿ. ವೈರಿಂಗ್ ಹಾರ್ನೆಸ್ ಅಂದ್ರೆ ಬಣ್ಣಬಣ್ಣದ ವೈರುಗಳ ಕಟ್ಟು, ಅದನ್ನ ಚೆಕ್ ಮಾಡೋ ಲೈನ್‌ನಲ್ಲಿ ಹನ್ನೊಂದು ವರ್ಷ ಇದ್ದೆ, 2017ರಲ್ಲಿ ನಮ್ಮ ಲೈನ್‌ನ ಮೆಕ್ಸಿಕೋಗೆ ಕಳಿಸಿದ್ರು. ಹೆಚ್‌ಆರ್‌ನವರು ಒಂದು ಫೋಲ್ಡರ್ ಕೊಟ್ರು, ಅದ್ರಲ್ಲಿ ಟಿಎಎ ಅನ್ನೋ ಮಾತೇ ಇರ್ಲಿಲ್ಲ. ನನ್ನ ಪಕ್ಕದ ಸ್ಟೇಷನ್‌ನಲ್ಲಿದ್ದೋರು ಮೊದಲು ಸ್ಟೀಲ್ ಫ್ಯಾಕ್ಟರೀಲಿ ಹಿಂಗೇ ಕೆಲಸ ಕಳ್ಕೊಂಡಿದ್ರು, ಅವರಿಗೆ ಮಾತ್ರ ಗೊತ್ತಿತ್ತು. ಕಂಪನಿನೇ ಅರ್ಜಿ ಹಾಕ್ಬೇಕು ಅಂತೇನಿಲ್ಲ, ಯೂನಿಯನ್ ಹಾಕ್ಬೋದು, ರಾಜ್ಯದ ಆಫೀಸಿನವರು ಹಾಕ್ಬೋದು, ಯಾರೂ ಇಲ್ದಿದ್ರೆ ಮೂರು ಜನ ಕೆಲಸಗಾರರು ಸೈನ್ ಮಾಡಿದ್ರೆ ಸಾಕು, ಪಾಸಾದ್ರೆ ಆ ಗುಂಪಿನ ಎಲ್ರಿಗೂ ಸಿಗುತ್ತೆ ಅಂದ್ರು. ಪಾರ್ಕಿಂಗ್ ಲಾಟ್‌ನಲ್ಲಿ ಅವರ ಟ್ರಕ್ಕಿನ ಬಾನೆಟ್ ಮೇಲೆ ಫಾರ್ಮ್ ಇಟ್ಕೊಂಡು ನಿಂತಿದ್ವಿ, ನವೆಂಬರ್ ಚಳಿಗೆ ಪೆನ್ನು ಬರೀತಾನೇ ಇರ್ಲಿಲ್ಲ, ಅವರು ಅದನ್ನ ಎರಡು ಅಂಗೈಯಲ್ಲಿ ಉಜ್ಜಿ ಉಜ್ಜಿ ಬಿಸಿ ಮಾಡಿ ಕೊಟ್ರು. ಮೂರನೇ ಸೈನ್ ನಂದು. ಸೈನ್ ಹಾಕಿದ್ರೆ ಕೆಲಸದಿಂದ ತೆಗೆಯೋವಾಗ ಕಂಪನಿ ಕೊಡೋ ಸೆವೆರೆನ್ಸ್ ದುಡ್ಡು ತಡೀತಾರೇನೋ ಅಂತ ನಂಗೆ ಕೈ ನಡುಗ್ತಿತ್ತು, ಹಂಗೇನೂ ಆಗ್ಲಿಲ್ಲ.

ಪಾಸಾಯ್ತು. ಕಮ್ಯುನಿಟಿ ಕಾಲೇಜಲ್ಲಿ ಎರಡು ವರ್ಷದ ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ತಗೊಂಡೆ, ಫೀಸು, ಪುಸ್ತಕ ಎಲ್ಲ ಅವರೇ ಕಟ್ಟಿದ್ರು. ಕೆಲಸ ಹೋದೋರಿಗೆ ಸರ್ಕಾರ ವಾರವಾರ ಕೊಡೋ ಅನ್‌ಎಂಪ್ಲಾಯ್ಮೆಂಟ್ ದುಡ್ಡು 26 ವಾರಕ್ಕೆ ಮುಗಿಯುತ್ತೆ, ಆಮೇಲೂ ಓದ್ತಾ ಇರೋ ತನಕ ವಾರಕ್ಕೆ ಅಷ್ಟೇ ದುಡ್ಡು ಬರ್ತಿತ್ತು, ಎಲ್ಲಾ ಸೇರಿ ಜಾಸ್ತಿ ಅಂದ್ರೆ 130 ವಾರ. ಈ ಓದೋವಾಗಿನ ದುಡ್ಡೇ ಮುಖ್ಯ ಕಣ್ರೀ, ಫೀಸು ಯಾರಾದ್ರೂ ಕೊಡ್ಬೋದು, ಎರಡು ವರ್ಷ ಮನೆ ಬಾಡಿಗೆ ಯಾರು ಕೊಡ್ತಾರೆ? ನಲವತ್ತು ದಾಟಿದ್ಮೇಲೆ ಇಪ್ಪತ್ತರ ಹುಡುಗರ ಜೊತೆ ಕ್ಲಾಸಲ್ಲಿ ಕೂತಾಗ ಭಯ ಆಗಿತ್ತು. ಆದ್ರೆ ಲ್ಯಾಬಲ್ಲಿ ರಕ್ತದ ಟ್ಯೂಬು ಕೊಟ್ರು ನೋಡಿ, ನೇರಳೆ ಮುಚ್ಚಳ ಒಂದಕ್ಕೆ, ಕೆಂಪು ಇನ್ನೊಂದಕ್ಕೆ, ತಿಳಿ ನೀಲಿ ಮತ್ತೊಂದಕ್ಕೆ, ಹನ್ನೊಂದು ವರ್ಷ ವೈರಿನ ಬಣ್ಣ ನೋಡಿದ ಕಣ್ಣು ಅದನ್ನ ಒಂದೇ ವಾರದಲ್ಲಿ ಹಿಡ್ಕೊಳ್ತು.

ಎಲ್ರಿಗೂ ಹಿಂಗೇ ಆಗ್ಲಿಲ್ಲ. ಪೆನ್ನು ಬಿಸಿ ಮಾಡಿದ್ರಲ್ಲ, ಅವರಿಗೆ ಐವತ್ತು ದಾಟಿತ್ತು, ಓದಕ್ಕಾಗಲ್ಲ ಅಂತ ಗೋಡೌನ್ ಕೆಲಸಕ್ಕೆ ಸೇರಿದ್ರು. ಐವತ್ತು ದಾಟಿದೋರಿಗೆ ಹೊಸ ಕೆಲಸದ ಸಂಬಳ ಕಮ್ಮಿ ಇದ್ರೆ, ವರ್ಷಕ್ಕೆ 50,000 ಡಾಲರ್ ಒಳಗಿದ್ರೆ, ವ್ಯತ್ಯಾಸದಲ್ಲಿ ಅರ್ಧ ಎರಡು ವರ್ಷ ತುಂಬಿ ಕೊಡ್ತಿದ್ರು, ಒಟ್ಟು 10,000 ಡಾಲರ್ ತನಕ, ಅವರು ಅದನ್ನ ತಗೊಂಡ್ರು. ಇನ್ನೊಬ್ಬ ಹುಡುಗ ಪ್ಲಾಂಟ್ ವಾಪಸ್ ಕರೀತಾರೆ ಅಂತ ಕಾಯ್ತಾ ಕೂತ, ಟ್ರೈನಿಂಗ್‌ಗೆ ಸೇರಕ್ಕೆ ಇದ್ದ 26 ವಾರದ ಗಡುವು ದಾಟೋಯ್ತು, ಆಮೇಲೆ ವಾರದ ದುಡ್ಡೂ ಇಲ್ಲ. ಅವನನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ.

ಈ ಟಿಎಎ ಕಾನೂನಿನ ಅವಧಿ ಮುಗಿದಾಗ ಕಾಂಗ್ರೆಸ್ಸು, ಅಂದ್ರೆ ಅಮೆರಿಕಾದ ಸಂಸತ್ತು, ಮುಂದುವರಿಸ್ಲಿಲ್ಲ. 2022 ಜುಲೈ 1ರಿಂದ ಲೇಬರ್ ಡಿಪಾರ್ಟ್‌ಮೆಂಟ್ ಹೊಸ ಅರ್ಜಿ ಪಾಸ್ ಮಾಡೋದೇ ನಿಂತೋಯ್ತು, ಅದಕ್ಕೆ ಮೊದಲೇ ಪಾಸಾಗಿ ಕೆಲಸ ಹೋಗಿದ್ದೋರಿಗೆ ಮಾತ್ರ ಮುಂದುವರಿಸಿದ್ರು. ಇದು ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ, ಸಾಮಾನು ಹೊರಗಡೆಯಿಂದ ಬರೋದೇನೂ ನಿಂತಿಲ್ವಲ್ಲ. ನಮ್ಮಪ್ಪ ದಾವಣಗೆರೆ ಕಾಟನ್ ಮಿಲ್ಲಲ್ಲಿದ್ರು, ಮಿಲ್ಲು ಮುಚ್ಚಿದ್ಮೇಲೂ ಎಷ್ಟೋ ದಿನ ಸೈರನ್ ಕೂಗ್ತಿದ್ದ ಹೊತ್ತಿಗೆ ಎದ್ದು ಕೂತ್ಕೊಳ್ತಿದ್ರು. ಅಲ್ಲಿ ಕಾರಣ ಇಂಪೋರ್ಟ್ ಅಲ್ಲ, ಬೇರೆ, ಆದ್ರೆ ಇನ್ನೊಂದು ಕೆಲಸ ಕಲಿಯೋ ತನಕ ಮನೆ ನಾವು ನೋಡ್ಕೋತೀವಿ ಅಂತ ಅವರಿಗೆ ಯಾರೂ ಹೇಳ್ಲಿಲ್ಲ. ನಂಗೆ ಹೇಳಿದ್ರು, ಅದಕ್ಕೇ ಅದರ ಬೆಲೆ ನಂಗೊತ್ತು.

ಈಗ ನೀವು ಮಾಡ್ಬೇಕಾದ್ದು. ಕಂಪನೀಲಿ 100 ಜನ ಅಥವಾ ಜಾಸ್ತಿ ಇದ್ರೆ ಸಾಮಾನ್ಯವಾಗಿ ಪ್ಲಾಂಟ್ ಮುಚ್ಚೋದಕ್ಕೆ 60 ದಿನ ಮೊದಲು ಲಿಖಿತ ನೋಟಿಸ್ ಕೊಡ್ಬೇಕು ಅಂತ ಕಾನೂನಿದೆ, ಕೊಟ್ಟಿದಾರಾ ಕೇಳಿ. ಕೆಲಸ ನಿಂತ ವಾರಾನೇ ಅನ್‌ಎಂಪ್ಲಾಯ್ಮೆಂಟ್‌ಗೆ ಹಾಕಿ, ತಡ ಮಾಡಿದ್ರೆ ಹೋದ ವಾರದ್ದು ಬರೋದು ಕಷ್ಟ. ಆಮೇಲೆ ನಿಮ್ಮ ಕೌಂಟಿಯ ಜಾಬ್ ಸೆಂಟರ್‌ಗೆ ಹೋಗಿ ಡಿಸ್‌ಲೊಕೇಟೆಡ್ ವರ್ಕರ್ ಪ್ರೋಗ್ರಾಮ್ ಬೇಕು ಅಂತ ಅದೇ ಹೆಸರಲ್ಲೇ ಕೇಳಿ, ಇದು ಲೇಆಫ್ ಆದೋರಿಗೆ ಇರೋ ಬೇರೆ ಸ್ಕೀಮು. ಇಂಪೋರ್ಟ್‌ನಿಂದ್ಲೇ ಕೆಲಸ ಹೋಗಿರ್ಬೇಕು ಅಂತಿಲ್ಲ, ಟ್ರೈನಿಂಗ್ ಫೀಸು ಸಿಗಬಹುದು, ಆದ್ರೆ ಅವರ ಹತ್ರ ಇರೋ ದುಡ್ಡು ಖಾಲಿಯಾದ್ರೆ ಕಾಯ್ಬೇಕು, ಟಿಎಎ ಥರ ವಾರದ ದುಡ್ಡಿನ ಭರವಸೆನೂ ಇಲ್ಲ. ಹೆಲ್ತ್ ಇನ್ಶೂರೆನ್ಸ್ ಹೋದ್ರೆ ಸರ್ಕಾರ ನಡೆಸೋ ಇನ್ಶೂರೆನ್ಸ್ ಮಾರ್ಕೆಟ್‌ಪ್ಲೇಸಲ್ಲಿ ಹೊಸದು ತಗೊಳ್ಳಕ್ಕೆ 60 ದಿನ ಅಷ್ಟೇ ಟೈಮು, ಕೋಬ್ರಾ ಅಂದ್ರೆ ಕಂಪನಿಯ ಹಳೇ ಇನ್ಶೂರೆನ್ಸನ್ನೇ ಮುಂದುವರಿಸೋದು, ಅದನ್ನ ತಗೊಂಡ್ರೆ ಕಂಪನಿ ಕಟ್ತಿದ್ದ ಪಾಲೂ ನಿಮ್ಮ ತಲೆ ಮೇಲೇ ಬರುತ್ತೆ, ಎರಡನ್ನೂ ಲೆಕ್ಕ ಹಾಕಿ ನೋಡಿ.

ಸೆಂಟರ್‌ಗೆ ಹೋಗೋವಾಗ ಲೇಆಫ್ ಲೆಟರ್ ಮತ್ತೆ ಕೊನೇ ಪೇ ಸ್ಟಬ್ (ಸಂಬಳದ ಚೀಟಿ) ತಗೊಂಡು ಹೋಗಿ. ಯಜಮಾನ್ರು ಒಬ್ರೇ ಹೋಗಕ್ಕೆ ಸಂಕೋಚ ಪಟ್ರೆ ನೀವೂ ಜೊತೆಗೆ ಹೋಗಿ ಕೂತ್ಕೊಳ್ಳಿ, ನಾನು ಮೊದಲನೇ ಸಲ ಹೋದಾಗ ಕಾರಿಂದ ಇಳಿಯಕ್ಕೇ ಆಗದೆ ಕೂತಿದ್ದೆ, ಹೈಸ್ಕೂಲಲ್ಲಿದ್ದ ನನ್ನ ಮಗಳೇ ಬಾಗಿಲು ತೆಗೆದು ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋಗಿದ್ಲು.