ಹಲವು ಜಪಾನಿ ಆರ್‌ಪಿಜಿ ಗೇಮ್‌ಗಳಲ್ಲಿ, ಅಂದರೆ ಕಥೆಯ ಒಂದು ಪಾತ್ರವಾಗಿ ಆಡುವ ವಿಡಿಯೋ ಗೇಮ್‌ಗಳಲ್ಲಿ, ಒಬ್ಬರಾದ ಮೇಲೆ ಒಬ್ಬರು ಯಾಕೆ ಹೊಡೆಯುತ್ತಾರೆ?

ಆಡುವವರಿಗೆ ಯೋಚಿಸಲು ಟೈಮ್ ಸಿಗಲಿ ಅಂತ.

ಕೋಲಾರದ ನಮ್ಮ ಮನೆ ಜಗಲಿಯಲ್ಲಿ ಅಜ್ಜಿ ಚೌಕಾಬಾರ ಆಡುವಾಗ, ಕವಡೆ ಬಿದ್ದ ಮೇಲೂ ಯಾವ ಕಾಯಿ ನಡೆಸಬೇಕು ಅಂತ ಬೆರಳು ಅಲ್ಲೇ ಇಟ್ಟು ಕೂರುತ್ತಿದ್ದರು. ಯಾರೂ ಅವಸರ ಮಾಡುತ್ತಿರಲಿಲ್ಲ. ಅದೇ ಸುಖ ಇಲ್ಲೂ ಇದೆ.

ಈ ಬಗೆಯ ಗೇಮ್‌ಗಳಿಗೆ ದಾರಿ ಹಾಕಿದ್ದು 1986ರ ಡ್ರ್ಯಾಗನ್ ಕ್ವೆಸ್ಟ್. ಅದನ್ನು ರೂಪಿಸಿದ ಯೂಜಿ ಹೊರೀ, ಅಮೆರಿಕದ ಅಲ್ಟಿಮಾ ಗೇಮ್‌ನಿಂದ ಮೇಲಿನಿಂದ ಕಾಣುವ ನಕ್ಷೆಯನ್ನೂ ವಿಝಾರ್ಡ್ರಿ ಗೇಮ್‌ನಿಂದ ಎದುರುಬದುರು ಕಾದಾಟವನ್ನೂ ತೆಗೆದುಕೊಂಡರು. ಅದು ಓಡುತ್ತಿದ್ದ ನಿಂಟೆಂಡೋದ ಗೇಮ್ ಯಂತ್ರ ಫ್ಯಾಮಿಕಾಮ್‌ನ ಕಂಟ್ರೋಲರ್‌ನಲ್ಲಿ ದಿಕ್ಕಿನ ಗುಂಡಿ ಬಿಟ್ಟರೆ ಆಡಲು ಮುಖ್ಯವಾಗಿ ಇದ್ದದ್ದು ಎ, ಬಿ ಎರಡೇ. ಹಾಗಾಗಿ ಹೊಡಿ, ಮಂತ್ರ ಹಾಕು, ಓಡು, ವಸ್ತು ಬಳಸು ಎಲ್ಲವೂ ಮೆನುವಿಗೆ ಬಂದವು. ಕೈಚಳಕ ಇಲ್ಲದವರೂ ಆಡಬಹುದು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಆಗುವುದು ಸೋಲನ್ನು ಅವರು ನೋಡಿದ ರೀತಿ. ಸತ್ತರೆ ರಾಜನ ಮುಂದೆ ಮತ್ತೆ ಎದ್ದು ನಿಲ್ಲುತ್ತೀರಿ. ಅರ್ಧ ಹಣ ಹೋಗಿರುತ್ತದೆ, ಗಳಿಸಿದ ಅನುಭವದ ಅಂಕಗಳು ಮಾತ್ರ ಹಾಗೇ ಇರುತ್ತವೆ. ಮಕ್ಕಳಿಗೆ ಎಷ್ಟು ಧೈರ್ಯ ಬರುತ್ತದೆ ಅಲ್ವಾ! ನನ್ನ ಅಕ್ಕನ ಮಗ ಮೊಬೈಲಲ್ಲಿ ಆಡುವಾಗ ಸೇತುವೆ ದಾಟಿ, ಬಲವಾದ ಶತ್ರುಗಳ ಕೈಲಿ ಮೂರು ಸಲ ಸತ್ತ. ನಾಲ್ಕನೇ ಸಲ ದಾಟುವ ಮೊದಲು ಊರಿಗೆ ಹೋಗಿ ಔಷಧಿ ಸೊಪ್ಪು ಕೊಂಡುಕೊಂಡ. ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ವಿಷಯ. ಕೊನೆಯ ಶತ್ರುವಿನ ಕೋಟೆ ಶುರುವಿನಲ್ಲೇ ನೀರಿನ ಆಚೆ ದಡದಲ್ಲಿ ಕಾಣುತ್ತದೆ. ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ. ಹೇಗೆ ಅನ್ನುವುದನ್ನು ಹುಡುಕುವುದೇ ಇಡೀ ಆಟ.